ದೇವರ ಗೂಡಿಲ್ಲದ ಮನೆಯಲ್ಲಿ ಒಂದು ದೀಪ

ಮುಂಬೈಯಲ್ಲೇ ಹುಟ್ಟಿ ಬೆಳೆದ ಮಕ್ಕಳೇ, ನಿಮ್ಮಲ್ಲಿ ಕೆಲವರ ಮನೆಯಲ್ಲಾದರೂ ದೇವರ ಗೂಡು ಇಲ್ಲದಿರಬಹುದು. ನಮ್ಮ ಮನೆಯಲ್ಲೂ ಇಲ್ಲ. ನಾನಾಗಲಿ ನಮ್ಮ ಯಜಮಾನರಾಗಲಿ ಪೂಜೆ, ವ್ರತ ಮಾಡಿದವರಲ್ಲ. ಚೌತಿಗೆ ಕಡುಬು ಮಾಡುತ್ತೇನೆ, ಎಲ್ಲರೂ ತಿನ್ನುತ್ತೇವೆ, ಅಷ್ಟೇ.

ಹೀಗಿರುವಾಗ ಹದಿನೇಳರ ಮಗಳು ಒಂದು ಸಂಜೆ ಮಾಟುಂಗಾದಿಂದ ಹೂವು, ಊದುಬತ್ತಿ, ಪುಟ್ಟದೊಂದು ಹಿತ್ತಾಳೆ ದೀಪ ತಂದು ಓದುವ ಮೇಜಿನ ಮೇಲಿಟ್ಟಳು. ಇನ್ನು ಶನಿವಾರ ಒಪ್ಪೊತ್ತು ಎಂದಳು. "ಪರೀಕ್ಷೆ ಹತ್ತಿರ ಬಂತೇನೇ?" ಎಂದು ನಾನು ನಕ್ಕೆ. ಅವಳಪ್ಪ ಸಿಟ್ಟಾದರು. "ಈ ಮನೆಯಲ್ಲಿ ಇದೆಲ್ಲ ಬೇಡ" ಎಂದುಬಿಟ್ಟರು.

"ಎಲ್ಲವನ್ನೂ ಪ್ರಶ್ನೆ ಮಾಡು ಅಂತ ಕಲಿಸಿದವರು ನೀವೇ ಅಲ್ಲವೇ ಅಪ್ಪಾ? ನಿಮ್ಮ ಮಾತನ್ನು ಮಾತ್ರ ಪ್ರಶ್ನಿಸಬಾರದೇ?" ಎಂದಳು ಮಗಳು. ನಮ್ಮಿಬ್ಬರ ಬಳಿಯೂ ಉತ್ತರವಿರಲಿಲ್ಲ. ಮೂರು ದಿನ ಮನೆಯಲ್ಲಿ ಮಾತಿಲ್ಲ.

ನಾಲ್ಕನೆಯ ದಿನ ನಾನೇ ಯಜಮಾನರಿಗೆ ಹೇಳಿದೆ: "ನಿಮ್ಮ ಸೋದರತ್ತೆಯ ವಿಷಯ ಅವಳಿಗೆ ಹೇಳಿ." ಅದನ್ನು ಅವರು ಮಕ್ಕಳೆದುರು ಎಂದೂ ಎತ್ತಿದವರಲ್ಲ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆಯುಟ್ಟು ತವರಿನಲ್ಲೇ ಉಳಿದಿದ್ದ ಆ ಅತ್ತೆಯೇ ಇವರನ್ನು ಎತ್ತಿ ಆಡಿಸಿ ಬೆಳೆಸಿದವರು. ಇವರ ಉಪನಯನದ ದಿನ ಮಾತ್ರ, ಮಂಗಳಕಾರ್ಯಕ್ಕೆ ಎದುರಾಗಬಾರದೆಂದು, ಹಿತ್ತಿಲ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದರಂತೆ. ಹುಡುಗ ಹುಡುಕಿಕೊಂಡು ಹೋದಾಗ "ಇಲ್ಲಿಗೆ ಬರಬೇಡ ಮಗಾ" ಎಂದರಂತೆ. ಇದನ್ನು ಹೇಳುವಾಗ ಅರವತ್ತರ ಹತ್ತಿರದ ಮನುಷ್ಯನ ಗಂಟಲು ಕಟ್ಟಿತು. ಮಗಳು ಎದ್ದು ಅಪ್ಪನ ಪಕ್ಕ ಹೋಗಿ ಕೂತಳು.

ನಿಮಗೆ ನಾನು ಹೇಳಬೇಕೆಂದಿರುವುದು ಇದೇ. ದೇವರನ್ನು ಬಿಟ್ಟ ಅಪ್ಪ ಅಮ್ಮಂದಿರು ಬರೀ ಹಟದಿಂದಲೋ ಪಟ್ಟಣದ ಗಾಳಿ ಬೀಸಿಯೋ ಬಿಟ್ಟಿರುತ್ತಾರೆಂದು ತಿಳಿಯಬೇಡಿ. ಅದರ ಹಿಂದೆ ಒಂದು ಕಥೆ ಇದ್ದೀತು. ಕೇಳಿ. ನಮ್ಮ ತಪ್ಪೆಂದರೆ, ನಾವು ಮಕ್ಕಳಿಗೆ ನಮ್ಮ ತೀರ್ಮಾನವನ್ನು ಕೊಟ್ಟೆವು, ಕಾರಣವನ್ನು ಕೊಡಲಿಲ್ಲ.

ನಂಬಿಕೆ, ವಿಚಾರ ಎರಡೂ ಒಂದೇ ಮನಸ್ಸಿನಲ್ಲಿ ಇರಲಾರವು ಎಂದೇನಿಲ್ಲ. ಪುರೋಹಿತರ ಹಂಗಿಲ್ಲದ ಸರಳ ಮದುವೆಗಾಗಿ 'ಮಂತ್ರಮಾಂಗಲ್ಯ'ವನ್ನು ಕೊಟ್ಟ ಕುವೆಂಪು ಅವರೇ ರಾಮಕೃಷ್ಣ ಪರಮಹಂಸರ, ವಿವೇಕಾನಂದರ ಜೀವನಚರಿತ್ರೆಗಳನ್ನು ಭಕ್ತಿಯಿಂದ ಬರೆದರು. ಎ. ಎನ್. ಮೂರ್ತಿರಾಯರು 1991ರಲ್ಲಿ, ತೊಂಬತ್ತು ದಾಟಿದ ಮೇಲೆ, 'ದೇವರು' ಎಂಬ ಪುಸ್ತಕ ಪ್ರಕಟಿಸಿ ತಮಗೇಕೆ ನಂಬಿಕೆಯಿಲ್ಲವೆಂದು ಸಮಾಧಾನದಿಂದ ವಿವರಿಸಿದರು. ಶಿವರಾಮ ಕಾರಂತರ 'ಮೂಕಜ್ಜಿಯ ಕನಸುಗಳು' (1968) ಕಾದಂಬರಿಯಲ್ಲಿ ಅಜ್ಜಿ ಮೊಮ್ಮಗ ಕೂತು ದೇವರ ವಿಚಾರವನ್ನೇ ಮಾತಾಡುತ್ತಾರೆ. ಕನ್ನಡ ಓದಲು ಬಾರದವರು ಅಮ್ಮನಿಂದಲೋ ಅಜ್ಜಿಯಿಂದಲೋ ಓದಿಸಿಕೊಳ್ಳಿ. ಜಗಳಕ್ಕಿಂತ ಅದು ಮೇಲು.

ನಮ್ಮ ಮನೆಯಲ್ಲಿ ಕೊನೆಗೆ ಒಂದು ಒಪ್ಪಂದವಾಯಿತು. ದೀಪ ಇರಲಿ, ಆದರೆ ಅದರ ಮುಂದೆ ಯಾರನ್ನೂ "ದೂರ ನಿಲ್ಲು" ಎನ್ನಕೂಡದು, ಮುಟ್ಟಾದ ದಿನವೂ ಸೇರಿ. ಪವಾಡದ ಬಾಬಾಗಳಿಗೆ ಒಂದು ಕಾಸೂ ಕೊಡಕೂಡದು. ಮಗಳು ಒಪ್ಪಿದಳು. ತನ್ನದೂ ಒಂದು ಷರತ್ತು ಸೇರಿಸಿದಳು: "ನೀವಿಬ್ಬರೂ ನಗಕೂಡದು."

ಈಗ ಶನಿವಾರ ಸಂಜೆ ದೀಪ ಹಚ್ಚುತ್ತಾಳೆ. ಅಪ್ಪ ಕೈ ಮುಗಿಯುವುದಿಲ್ಲ, ಅವಳೂ ಒತ್ತಾಯಿಸುವುದಿಲ್ಲ. ಫ್ಯಾನ್ ಹಾಕುವ ಮೊದಲು ಮಾತ್ರ, "ದೀಪ ಉರೀತಿದೆಯೇನೇ?" ಎಂದು ಕೇಳುತ್ತಾರೆ.