ಗಣಕಯಂತ್ರದ ಪ್ರೊಸೆಸರಿಗೆ ತಂಪುಕಾರಕದ ಅಳವಡಿಕೆ

ವಾಯವ್ಯ ದೆಹಲಿಯ ಪೀತಮ್‌ಪುರವು ತನ್ನ ಎತ್ತರವಾದ ದೂರದರ್ಶನ ಗೋಪುರದಿಂದಲೂ, ನೇತಾಜಿ ಸುಭಾಷ್ ಪ್ಲೇಸ್ ಎಂಬ ವಾಣಿಜ್ಯ ಸಂಕೀರ್ಣದಿಂದಲೂ ಹೆಸರಾದ ಬಡಾವಣೆ. ಇಲ್ಲಿನ ಕಚೇರಿಗಳಲ್ಲಿ ಲೆಕ್ಕಪತ್ರಗಳಿಗೂ ಮನೆಗಳಲ್ಲಿ ಮಕ್ಕಳ ವ್ಯಾಸಂಗಕ್ಕೂ ಗಣಕಯಂತ್ರ ಬೇಕೇಬೇಕು. ಮೇ, ಜೂನ್ ತಿಂಗಳುಗಳಲ್ಲಿ ‘ಲೂ’ ಎಂಬ ಬಿಸಿಗಾಳಿ ಬೀಸತೊಡಗಿದಾಗ ಈ ಯಂತ್ರಗಳಿಗೂ ಕಷ್ಟಕಾಲ. 2024ರ ಮೇ 29ರಂದು ದೆಹಲಿಯ ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ 46.8 ಡಿಗ್ರಿ ಸೆಲ್ಷಿಯಸ್ ಉಷ್ಣತೆ ದಾಖಲಾಯಿತು. ಇಂತಹ ದಿನಗಳಲ್ಲಿ ಯಂತ್ರವು ನಿಧಾನಗೊಳ್ಳುವುದು ಅಥವಾ ತಾನಾಗಿಯೇ ನಿಂತುಹೋಗಿ ಉಳಿಸದಿದ್ದ ಕೆಲಸವೆಲ್ಲ ನಷ್ಟವಾಗುವುದು ಸಾಧ್ಯ. ಕಲಬುರಗಿ, ರಾಯಚೂರುಗಳ ಬಳಕೆದಾರರಿಗೂ ಈ ಮಾತು ಅನ್ವಯಿಸುತ್ತದೆ.

ಶಾಖದ ಹಾದಿ

ಪ್ರೊಸೆಸರ್ ಬಳಸುವ ವಿದ್ಯುಚ್ಛಕ್ತಿಯು ಬಹುಮಟ್ಟಿಗೆ ಪೂರ್ತಿಯಾಗಿ ಶಾಖವಾಗಿ ಮಾರ್ಪಡುತ್ತದೆ. 1993ರಲ್ಲಿ ಬಂದ ಮೊದಲ ಪೆಂಟಿಯಂ ಸುಮಾರು 15 ವ್ಯಾಟ್ ಶಾಖವನ್ನು ಹೊರಸೂಸುತ್ತಿತ್ತು. ಇಂದಿನ ಸಾಮಾನ್ಯ ಪ್ರೊಸೆಸರ್‌ಗಳಲ್ಲಿ ಇದು 65 ವ್ಯಾಟ್‌ನಷ್ಟಿದ್ದು, ಪ್ರಬಲವಾದವುಗಳಲ್ಲಿ 125 ವ್ಯಾಟ್‌ಗಳನ್ನೂ ಮೀರುತ್ತದೆ.

ಅಂಗಡಿಗಳಲ್ಲಿ ‘ಸಿಪಿಯು ಕೂಲರ್’ ಎಂದು ದೊರೆಯುವ ತಂಪುಕಾರಕವು ತಂಪನ್ನು ಉತ್ಪಾದಿಸುವುದಿಲ್ಲ. ಶಾಖವನ್ನು ಪ್ರೊಸೆಸರಿನಿಂದ ಕೊಠಡಿಯ ಗಾಳಿಗೆ ಸಾಗಿಸುತ್ತದೆ, ಅಷ್ಟೆ. ಕೊಠಡಿಯು 25 ಡಿಗ್ರಿ ಇದ್ದಾಗ 65 ಡಿಗ್ರಿಯಲ್ಲಿರುವ ಪ್ರೊಸೆಸರ್, ಅದೇ ಕೆಲಸವನ್ನು 42 ಡಿಗ್ರಿಯ ಕೊಠಡಿಯಲ್ಲಿ ಮಾಡುವಾಗ ಸುಮಾರು 82 ಡಿಗ್ರಿಗೆ ಏರುತ್ತದೆ. ಅನೇಕ ಪ್ರೊಸೆಸರ್‌ಗಳ ಮಿತಿ 95ರಿಂದ 100 ಡಿಗ್ರಿ. ಮಿತಿ ಸಮೀಪಿಸಿದಾಗ ಅವು ಆತ್ಮರಕ್ಷಣೆಗಾಗಿ ವೇಗವನ್ನು ತಗ್ಗಿಸಿಕೊಳ್ಳುತ್ತವೆ. ಆದುದರಿಂದ ಅಳವಡಿಕೆಯಲ್ಲಿನ ಸಣ್ಣ ಲೋಪವೂ ಬೇಸಗೆಯಲ್ಲಿ ದೊಡ್ಡದಾಗುತ್ತದೆ.

ಅಳವಡಿಸುವ ಕ್ರಮ

ತಂಪುಕಾರಕವು ಸಾಕೆಟ್ಟಿನ ಮಾದರಿಗೂ, ಪ್ರೊಸೆಸರಿನ ವ್ಯಾಟ್ ಪ್ರಮಾಣಕ್ಕೂ, ಪೆಟ್ಟಿಗೆಯ ಒಳ ಅಗಲಕ್ಕೂ ಹೊಂದುವುದೇ ಎಂಬುದನ್ನು ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು.

ಹಳೆಯ ತಂಪುಕಾರಕವನ್ನು ತೆಗೆಯುವ ಮುನ್ನ ಯಂತ್ರವನ್ನು ಕೆಲವು ನಿಮಿಷ ನಡೆಸಿದರೆ ಒಣಗಿದ ಪೇಸ್ಟ್ ಮೆದುವಾಗುತ್ತದೆ. ಅನಂತರ ಯಂತ್ರವನ್ನು ಆರಿಸಿ, ವಿದ್ಯುತ್ ತಂತಿಯನ್ನು ಕಿತ್ತು, ಪೆಟ್ಟಿಗೆಯ ಲೋಹಭಾಗವನ್ನು ಮುಟ್ಟಿ ಮೈಯಲ್ಲಿನ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಬೇಕು. ತಂಪುಕಾರಕವನ್ನು ನೇರವಾಗಿ ಮೇಲಕ್ಕೆ ಎಳೆಯದೆ, ಮೆಲ್ಲಗೆ ಎಡಬಲಕ್ಕೆ ತಿರುಚಿ ಬಿಡಿಸಬೇಕು. ಎಎಂಡಿಯ ಎಎಂ4 ಸಾಕೆಟ್ಟಿನಲ್ಲಿ ಎಳೆತಕ್ಕೆ ಪ್ರೊಸೆಸರೇ ಕಿತ್ತುಬಂದು ಅದರ ಪಿನ್ನುಗಳು ಬಾಗುವ ಅಪಾಯವಿದೆ.

ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ, ನೂಲು ಬಿಡದ ಬಟ್ಟೆಯಿಂದ ಒರೆಸಿ ಆರಲು ಬಿಡಬೇಕು. ಬಳಿಕ ಪ್ರೊಸೆಸರಿನ ನಡುವೆ ಸಣ್ಣ ಬಟಾಣಿ ಕಾಳಿನಷ್ಟು ಥರ್ಮಲ್ ಪೇಸ್ಟ್ ಇಟ್ಟರೆ ಸಾಕು. ನುಣುಪಾಗಿ ಕಾಣುವ ಲೋಹದಲ್ಲೂ ಸೂಕ್ಷ್ಮ ತಗ್ಗುಗಳಿದ್ದು, ಅವುಗಳಲ್ಲಿ ಗಾಳಿ ನಿಂತಿರುತ್ತದೆ. ನಿಶ್ಚಲವಾದ ಗಾಳಿಗಿಂತ ತಾಮ್ರವು ಸುಮಾರು 15,000 ಪಟ್ಟು ಚೆನ್ನಾಗಿ ಶಾಖವನ್ನು ಒಯ್ಯುತ್ತದೆ. ಆ ಗಾಳಿಯನ್ನು ಹೊರದೂಡುವುದಷ್ಟೇ ಪೇಸ್ಟಿನ ಕೆಲಸ. ದಪ್ಪವಾಗಿ ಬಳಿದರೆ ಅದೇ ಅಡ್ಡಿಯಾಗುತ್ತದೆ. ಹೊಸ ತಂಪುಕಾರಕದ ತಳದಲ್ಲಿ ಮೊದಲೇ ಪೇಸ್ಟ್ ಇದ್ದರೆ ಬೇರೆ ಹಚ್ಚಬೇಕಾಗಿಲ್ಲ. ತಳಕ್ಕೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯಲು ಮರೆಯಬಾರದು.

ತಂಪುಕಾರಕವನ್ನು ನೇರವಾಗಿ ಕೂರಿಸಿ, ಸ್ಕ್ರೂಗಳನ್ನು ಕರ್ಣದ ಕ್ರಮದಲ್ಲಿ, ಒಂದನ್ನು ತಿರುಗಿಸಿದ ಮೇಲೆ ಎದುರು ಮೂಲೆಯದನ್ನು ಎಂಬಂತೆ, ಸ್ವಲ್ಪಸ್ವಲ್ಪವಾಗಿ ಬಿಗಿಗೊಳಿಸಬೇಕು. ಆಗ ಒತ್ತಡವು ಎಲ್ಲೆಡೆಯೂ ಸಮನಾಗುತ್ತದೆ. ಕೊನೆಯಲ್ಲಿ ಫ್ಯಾನಿನ ತಂತಿಯನ್ನು ಮದರ್‌ಬೋರ್ಡಿನಲ್ಲಿ ‘ಸಿಪಿಯು ಫ್ಯಾನ್’ ಎಂದು ಗುರುತಿಸಿರುವಲ್ಲಿಗೇ ಜೋಡಿಸಬೇಕು.

ಪರೀಕ್ಷೆ ಮತ್ತು ಪಾಲನೆ

ಯಂತ್ರವನ್ನು ಚಾಲೂ ಮಾಡಿದೊಡನೆ ಫ್ಯಾನ್ ತಿರುಗುತ್ತಿದೆಯೇ ಎಂದು ನೋಡಿ, ಬಯೋಸ್ ಪರದೆಯಲ್ಲಿ ಪ್ರೊಸೆಸರಿನ ಉಷ್ಣತೆಯನ್ನು ಗಮನಿಸಬೇಕು. ಅದು ನಿಲ್ಲದೆ ಏರುತ್ತಾ ಹೋದರೆ ಕೂಡಲೇ ಯಂತ್ರವನ್ನು ಆರಿಸಿ ಜೋಡಣೆಯನ್ನು ಮತ್ತೊಮ್ಮೆ ಪರಿಶೀಲಿಸತಕ್ಕದ್ದು.

ದೆಹಲಿಯ ಧೂಳುಗಾಳಿಯು ಲೋಹದ ಪಟ್ಟಿಗಳ ನಡುವೆ ಧೂಳನ್ನು ತುಂಬಿ ಗಾಳಿಯ ದಾರಿಯನ್ನು ಮುಚ್ಚುತ್ತದೆ. ಬೇಸಗೆ ತೊಡಗುವ ಮೊದಲು, ಯಂತ್ರವನ್ನು ಆರಿಸಿ, ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದು, ಬ್ಲೋಯರ್‌ನಿಂದ ಧೂಳನ್ನು ತೆಗೆಯಬೇಕು. ಪೆಟ್ಟಿಗೆಯನ್ನು ಮುಚ್ಚಿದ ಕಪಾಟಿನಲ್ಲಾಗಲಿ ಗೋಡೆಗೆ ಒತ್ತಿಯಾಗಲಿ ಇಡಬಾರದು. ನೀರಿನ ಕೂಲರಿನ ತೇವದ ಗಾಳಿಗೆ ನೇರವಾಗಿ ಒಡ್ಡಲೂಬಾರದು. ಇಷ್ಟು ಎಚ್ಚರ ವಹಿಸಿದಲ್ಲಿ ಕಡಿಮೆ ಬೆಲೆಯ ತಂಪುಕಾರಕವೂ ಸಾಧಾರಣ ಗಣಕಯಂತ್ರವನ್ನು ಕಡುಬೇಸಗೆಯಲ್ಲಿ ಕಾಪಾಡಬಲ್ಲದು.