ಸಂತನ ಕಾಲಡಿಯ ದಿಬ್ಬ

ವೇಲ್ಸ್ ನಾಡಿನ ಲಾನ್‌ದೆವಿ ಬ್ರೆವಿ ಎಂಬ ಹಳ್ಳಿಯ ಚರ್ಚು ಪುಟ್ಟ ದಿಬ್ಬವೊಂದರ ಮೇಲೆ ನಿಂತಿದೆ. ದಿಬ್ಬಕ್ಕೊಂದು ಸ್ಥಳಪುರಾಣವೂ ಇದೆ. 6ನೇ ಶತಮಾನದಲ್ಲಿ ಅಲ್ಲಿ ದೊಡ್ಡ ಧರ್ಮಸಭೆ ಕೂಡಿತ್ತಂತೆ. ನೆರೆದ ಜನಕ್ಕೆ ಯಾರ ಮಾತೂ ಕೇಳಿಸುತ್ತಿರಲಿಲ್ಲ. ಸಂತ ಡೇವಿಡ್ ಎದ್ದು ನಿಂತದ್ದೇ ತಡ, ಕಾಲಡಿಯ ನೆಲ ಉಬ್ಬಿ ಮೇಲೆದ್ದಿತು, ದನಿ ಕೊನೆಯ ಸಾಲಿಗೂ ಮುಟ್ಟಿತು. ಅವನ ಹೆಗಲ ಮೇಲೆ ಪಾರಿವಾಳವನ್ನು ಚಿತ್ರಿಸುವುದೂ ಇದೇ ಕಥೆಯ ನೆನಪಿಗೆ. ವೇಲ್ಸ್ ಜನರ ಬಾಯಲ್ಲಿ ಅವನು ದೆವಿ. ನಾಡಿನ ರಕ್ಷಕ ಸಂತ. ಮಾರ್ಚ್ 1 ಅವನ ಹಬ್ಬ. ಈ ಕಥೆ ನಿಜವೋ ಸುಳ್ಳೋ ಎಂದು ಕೇಳಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಯಾರು ಹೇಳಿದರು, ಯಾವಾಗ ಹೇಳಿದರು ಎಂದು ಕೇಳಿದರೆ ಅದೇ ದಿಬ್ಬ ಬೇರೊಂದು ಕಾಲದ ಚರಿತ್ರೆಯನ್ನು ತೆರೆಯುತ್ತದೆ.

ಡೇವಿಡ್‌ನ ಮೊದಲ ಪೂರ್ಣ ಜೀವನಚರಿತ್ರೆಯನ್ನು ಲ್ಯಾಟಿನ್ನಿನಲ್ಲಿ ಬರೆದವನು ರಿಗವಾರ್ಖ್. ಅದು 11ನೇ ಶತಮಾನದ ಕೊನೆಯ ಮಾತು. ಸಂತ ತೀರಿಕೊಂಡು ಆಗಲೇ ಸುಮಾರು 500 ವರ್ಷಗಳಾಗಿದ್ದವು. ರಿಗವಾರ್ಖ್‌ನ ತಂದೆ ಸಿಲಿಯೆನ್, ಡೇವಿಡ್‌ನ ಮಠವಿದ್ದ ಸೇಂಟ್ ಡೇವಿಡ್ಸ್‌ನಲ್ಲೇ ಬಿಷಪ್ ಆಗಿದ್ದವನು. ಇಂಗ್ಲೆಂಡನ್ನು ಗೆದ್ದ ವಿಲಿಯಂ 1081ರಲ್ಲಿ ಆ ಊರಿಗೆ ಬಂದುಹೋಗಿದ್ದ. ಅವನ ಹಿಂದೆಯೇ ನಾರ್ಮನ್ನರ ಸೇನೆ, ಸೇನೆಯ ಬೆನ್ನಿಗೆ ಕ್ಯಾಂಟರ್ಬರಿ ಆರ್ಚ್‌ಬಿಷಪ್ಪನ ಅಧಿಕಾರ. ಇದನ್ನು ನೆನಪಿನಲ್ಲಿಟ್ಟು ಓದಿದರೆ ಪವಾಡಗಳ ಅರ್ಥ ಬದಲಾಗುತ್ತದೆ. ದಿಬ್ಬದ ಮೇಲಿನ ಡೇವಿಡ್‌ನನ್ನು ಸಭೆ ಒಕ್ಕೊರಲಿನಿಂದ ಎಲ್ಲರಿಗೂ ಹಿರಿಯನೆಂದು ಒಪ್ಪುತ್ತದೆ. ಯಾತ್ರೆ ಹೋದಾಗ ಜೆರುಸಲೇಮಿನ ಧರ್ಮಾಧ್ಯಕ್ಷನೇ ಅವನಿಗೆ ಆರ್ಚ್‌ಬಿಷಪ್ ಪಟ್ಟ ಕಟ್ಟುತ್ತಾನೆ. ಸೇಂಟ್ ಡೇವಿಡ್ಸ್ ಪೀಠ ಕ್ಯಾಂಟರ್ಬರಿಗೆ ತಲೆಬಾಗಬೇಕಿಲ್ಲ ಎಂಬ ವಾದವನ್ನೇ ಎರಡೂ ಕಥೆಗಳು ಮಂಡಿಸುತ್ತವೆ. ಇದು ನನ್ನ ಊಹೆಯಷ್ಟೇ ಅಲ್ಲ. ಅದೇ ಪೀಠದ ಬಿಷಪ್ ಬರ್ನಾರ್ಡ್ 12ನೇ ಶತಮಾನದಲ್ಲಿ ಅದೇ ಹಕ್ಕಿಗಾಗಿ ಹೋರಾಡಿದ. 1198ರಿಂದ 1203ರವರೆಗೆ ಗೆರಾಲ್ಡ್ ಎಂಬ ವಿದ್ವಾಂಸ ರೋಮಿನ ಪೋಪನವರೆಗೂ ವ್ಯಾಜ್ಯ ಒಯ್ದು ಸೋತ. ಅವನೂ ಡೇವಿಡ್‌ನ ಚರಿತ್ರೆಯೊಂದನ್ನು ಬರೆದಿದ್ದಾನೆ.

ಹಾಗಾದರೆ ಡೇವಿಡ್ ಎಂಬ ಮನುಷ್ಯನೇ ಕಟ್ಟುಕಥೆಯೇ ಎಂದು ಕೇಳಬಹುದು. ಅಲ್ಲ. ಲಾನ್‌ದೆವಿ ಬ್ರೆವಿಯಲ್ಲಿ ಇಡ್ನರ್ಟ್ ಎಂಬವನ ಸಮಾಧಿಗಲ್ಲೊಂದಿತ್ತು. ಸಂತ ಡೇವಿಡ್‌ನ ಆಸ್ತಿಯ ಲೂಟಿಯ ಕಾರಣಕ್ಕೆ ಅವನು ಹತನಾದನೆಂದು ಅದರಲ್ಲಿ ಕೊರೆದಿತ್ತು. ಕಲ್ಲು ಮುಂದೆ ಒಡೆದು ಹೋಯಿತು, ಅದರ ಚೂರುಗಳು ಇವತ್ತು ಚರ್ಚಿನ ಗೋಡೆಯಲ್ಲಿವೆ. ಪುಣ್ಯಕ್ಕೆ ಎಡ್ವರ್ಡ್ ಲೂಯ್ಡ್ ಎಂಬ ವಿದ್ವಾಂಸ ಅದಕ್ಕೂ ಮೊದಲೇ ಆ ಬರಹವನ್ನು ನಕಲು ಮಾಡಿಕೊಂಡಿದ್ದ. ಸುಮಾರು 800ರ ಐರಿಷ್ ಸಂತರ ಪಟ್ಟಿಯೂ ಮಾರ್ಚ್ 1ಕ್ಕೆ ಡೇವಿಡ್‌ನ ಹೆಸರನ್ನೇ ಹೇಳುತ್ತದೆ. ನನಗೆ ಇವೆಲ್ಲಕ್ಕಿಂತ ತೂಕದ್ದೆಂದು ಕಾಣುವುದು ಒಬ್ಬ ಟೀಕಾಕಾರನ ಸಾಕ್ಷ್ಯ. ಡೇವಿಡ್‌ನ ಮಠದಲ್ಲಿ ಎತ್ತುಗಳನ್ನು ಹೂಡುತ್ತಿರಲಿಲ್ಲ, ಸನ್ಯಾಸಿಗಳೇ ನೊಗಕ್ಕೆ ಹೆಗಲು ಕೊಡುತ್ತಿದ್ದರು. ಊಟಕ್ಕೆ ರೊಟ್ಟಿ, ಸೊಪ್ಪು, ಉಪ್ಪು, ಕುಡಿಯಲು ನೀರು. ಪುಸ್ತಕವೊಂದನ್ನು ‘ನನ್ನದು’ ಎಂದರೂ ತಪ್ಪು ಎನ್ನುತ್ತಾನೆ ರಿಗವಾರ್ಖ್. ಆ ಟೀಕಾಕಾರ, 6ನೇ ಶತಮಾನದವನೇ ಆದ ಗಿಲ್ಡಾಸ್, ಡೇವಿಡ್‌ನ ಹೆಸರೆತ್ತದೆ, ಅಳತೆಯ ರೊಟ್ಟಿ ತಿಂದು, ನೀರು ಕುಡಿದು, ತಾವೇ ನೇಗಿಲೆಳೆದು ಅದಕ್ಕೇ ಬೀಗುವ ಸನ್ಯಾಸಿಗಳನ್ನು ಬೈದಿದ್ದಾನೆ. ಮೆಚ್ಚದವನೂ ಕಂಡಿದ್ದ ಬದುಕನ್ನು ಭಕ್ತನ ಕಲ್ಪನೆ ಎನ್ನಲಾಗದು.

ಪವಾಡವನ್ನು ರಾಜಕೀಯಕ್ಕೆ ಇಳಿಸಿದರೆ ಭಕ್ತಿಗೆ ಅನ್ಯಾಯವಾಗದೇ ಎಂಬ ಆಕ್ಷೇಪವೂ ಉಂಟು, ಅದನ್ನು ಹಗುರಾಗಿ ತಳ್ಳಿಹಾಕಲಾರೆ. ಆದರೆ ಇದೇ ರಿಗವಾರ್ಖ್ ತನ್ನ ನಾಡನ್ನು ನಾರ್ಮನ್ನರು ಹಾಳುಗೆಡವಿದ್ದನ್ನು ಕುರಿತು ಲ್ಯಾಟಿನ್ನಿನಲ್ಲಿ ಶೋಕಗೀತೆ ಬರೆದವನು. ಕಣ್ಣೆದುರು ಎಲ್ಲ ಕುಸಿಯುತ್ತಿದ್ದಾಗ ಅವನು ಕೈಚಾಚಿದ್ದು ತಾನು ಪೂಜಿಸುತ್ತಿದ್ದ ಸಂತನತ್ತ. ಅವನಲ್ಲಿ ಭಕ್ತಿ ಬೇರೆ, ನಾಡಿನ ಸಂಕಟ ಬೇರೆ ಎಂಬ ಗೆರೆಯೇ ಇರಲಿಲ್ಲ. ನಾವು ಎಳೆದರೆ ಅವನನ್ನು ತಪ್ಪಾಗಿ ಓದಿದಂತೆ. ಅವನು ಕೇಳಿದ್ದು ಸಿಕ್ಕಿದ್ದು 1920ರಲ್ಲಿ. ವೇಲ್ಸ್ ಚರ್ಚು ಕ್ಯಾಂಟರ್ಬರಿಯ ಅಧೀನದಿಂದ ಹೊರಬಂದು ತನ್ನದೇ ಆರ್ಚ್‌ಬಿಷಪ್ಪನನ್ನು ಪಡೆಯಿತು. ಆದರೆ ಆ ಮೊದಲ ಪಟ್ಟ ಡೇವಿಡ್‌ನ ಪೀಠಕ್ಕೆ ಬರಲಿಲ್ಲ; ಉತ್ತರದ ಸೇಂಟ್ ಆಸಫ್‌ನ ಬಿಷಪ್ಪನಿಗೆ ಹೋಯಿತು.