ಮೈನೆರೆಯುವಿಕೆ: ಮನೆಯ ಮಾತು ಮತ್ತು ಶಾಲೆಯ ಪಾಠ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳು ಘಟಪ್ರಭಾ ಕೊಳ್ಳದ ನೆರೆಹೊರೆಯ ಸೀಮೆಗಳು. ಮೂಡಲಗಿಯು ಮೊದಲು ಗೋಕಾಕ ತಾಲೂಕಿನಲ್ಲಿಯೇ ಇದ್ದುದರಿಂದ ಮಾತು, ಆಚರಣೆಗಳಲ್ಲಿ ಬಹಳಷ್ಟು ಸಾಮ್ಯ ಕಾಣುತ್ತದೆ. ಇಲ್ಲಿಯ ಗ್ರಾಮೀಣ ಮಕ್ಕಳಿಗೆ ಮುಟ್ಟಿನ ಆರೋಗ್ಯದ ಶಿಕ್ಷಣ ನೀಡುವಾಗ ಜನಪದರ ತಿಳಿವಳಿಕೆಯಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ಮೊದಲಿಗೆ ಶಬ್ದಗಳನ್ನು ಗಮನಿಸಬೇಕು. ಸ್ಪರ್ಶವೆಂಬ ಅರ್ಥದ 'ಮುಟ್ಟು' ಎಂಬ ಪದವೇ ಮುಟ್ಟಬಾರದ ಸ್ಥಿತಿಗೂ ಹೆಸರಾಗಿದೆ. 'ಹೊರಗಾಗುವುದು', 'ಕಡೆಗಾಗುವುದು' ಎಂಬ ಮಾತುಗಳು ಹೆಣ್ಣನ್ನು ಮನೆಯೊಳಗಿನಿಂದ ದೂರ ಕೂಡಿಸಿದ್ದನ್ನು ಹೇಳುತ್ತವೆ. 'ದೊಡ್ಡಾಕಿ ಆಗುವುದು', 'ಮೈನೆರೆಯುವುದು' ಎಂಬವು ಬೆಳವಣಿಗೆಯನ್ನೂ ಪೂರ್ಣತೆಯನ್ನೂ ಸೂಚಿಸುತ್ತವೆ. ಹೀಗೆ ನಿಷೇಧ ಮತ್ತು ಸಂಭ್ರಮ ಎರಡೂ ಒಂದೇ ಜನಭಾಷೆಯಲ್ಲಿ ನೆಲೆಸಿವೆ.

ಆಚರಣೆಯಲ್ಲಿಯೂ ಇದೇ ದ್ವಂದ್ವವಿದೆ. ಮೊದಲ ಸಲ ಮೈನೆರೆದ ಹುಡುಗಿಯನ್ನು ಪ್ರತ್ಯೇಕವಾಗಿ ಕೂಡಿಸಿ, ಅರಿಷಿಣ ಹಚ್ಚಿ ಎರೆದು, ಆರತಿ ಬೆಳಗಿ ಸೋಬಾನೆ ಹಾಡುತ್ತಾರೆ. ಒಣಕೊಬ್ಬರಿ, ಬೆಲ್ಲ, ಉತ್ತತ್ತಿ, ಅಂಟಿನ ಉಂಡೆಗಳನ್ನು ಉಣಿಸುತ್ತಾರೆ. ಬೆಳೆಯುವ ದೇಹಕ್ಕೆ ಪೋಷಣೆ ಬೇಕೆಂಬ ಅರಿವು ಇಲ್ಲಿದೆ. ಆದರೆ ಈ ಆಚರಣೆ ಘಟನೆಯ ನಂತರ ನಡೆಯುವಂಥದು. ಅದು ಹುಡುಗಿಯ ಸ್ಥಿತಿಯನ್ನು ಊರಿಗೆಲ್ಲ ಸಾರುತ್ತದೆಯೇ ಹೊರತು ಆಕೆಗೆ ಏನನ್ನೂ ವಿವರಿಸುವುದಿಲ್ಲ. ಸಾರಿದ ಮೇಲೆ ಶಾಲೆ ಹಿಂದೆ ಸರಿದು ಮದುವೆಯ ಮಾತು ಮುಂದೆ ಬರುವ ಅಪಾಯವೂ ಇದೆ. ದೇವದಾಸಿ ಪದ್ಧತಿ ಬೇರೂರಿದ್ದ ಈ ಸೀಮೆಯಲ್ಲಿ ಬಿಟ್ಟ ಬಾಲಕಿಯ ಪಾಲಿಗೆ ಮೈನೆರೆಯುವುದೆಂದರೆ ಶೋಷಣೆಯ ಆರಂಭವೇ ಆಗಿತ್ತು. ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ 1982ರಲ್ಲಿ ರೂಪುಗೊಂಡಿತು. ಮುಂದೆ ಮಾಜಿ ದೇವದಾಸಿಯರೇ ಘಟಪ್ರಭಾದಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಕಟ್ಟಿಕೊಂಡರು.

ಮೈಲಿಗೆಯ ಕಲ್ಪನೆಯನ್ನು ಪ್ರಶ್ನಿಸುವ ಪರಂಪರೆಯೂ ಈ ನೆಲದ್ದೇ ಆಗಿದೆ. ಹನ್ನೆರಡನೆಯ ಶತಮಾನದ ಶರಣರು ನಿರಾಕರಿಸಿದ ಪಂಚಸೂತಕಗಳಲ್ಲಿ ರಜಸ್ಸೂತಕವೂ ಒಂದು. ಲಿಂಗಾಯತ ಮಠಗಳ ಪ್ರಭಾವ ದಟ್ಟವಾಗಿರುವ ಈ ಭಾಗದಲ್ಲಿ ಶಿಕ್ಷಕರು ಈ ವಿಚಾರವನ್ನು ನೆನಪಿಸಿದರೆ ಅದು ಹೊರಗಿನಿಂದ ತಂದ ಉಪದೇಶವೆನಿಸದು.

ಶಾಲಾ ಬಾಲಕಿಯರಿಗೆ ಉಚಿತ ನ್ಯಾಪಕಿನ್ ನೀಡುವ ರಾಜ್ಯದ 'ಶುಚಿ' ಯೋಜನೆ 2013-14ರಲ್ಲಿ ಆರಂಭವಾಗಿ, ನಡುವೆ ಸ್ಥಗಿತಗೊಂಡು, 2024ರಲ್ಲಿ ಪುನರಾರಂಭವಾಯಿತು. ವಸ್ತುವಿನ ಪೂರೈಕೆ ನಿಂತರೂ ತಿಳಿವಳಿಕೆ ಉಳಿಯಬೇಕೆಂಬುದು ಇದರಿಂದ ಕಲಿಯಬೇಕಾದ ಪಾಠ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು 15ರಿಂದ 24 ವಯಸ್ಸಿನ ಮಹಿಳೆಯರ ಬಳಕೆಯನ್ನು ಪರಿಶೀಲಿಸುವಾಗ ಬಟ್ಟೆಯನ್ನು ನೈರ್ಮಲ್ಯದ ಸಾಧನಗಳಲ್ಲಿ ಎಣಿಸಿಲ್ಲ. ಆದರೆ ಸಾಬೂನಿನಿಂದ ಚೆನ್ನಾಗಿ ತೊಳೆದು ಬಿಸಿಲಿನಲ್ಲಿ ಒಣಗಿಸಿದ ಹತ್ತಿಬಟ್ಟೆ ಸುರಕ್ಷಿತವಾದುದು. ದೋಷ ಬಟ್ಟೆಯದಲ್ಲ, ನಾಚಿಕೆಯಿಂದ ಅದನ್ನು ಕತ್ತಲೆಯ ಮೂಲೆಯಲ್ಲಿ ಅಡಗಿಸಿ ಒಣಗಿಸುವ ರೂಢಿಯದು.

ಆದ್ದರಿಂದ ಪಾಠವು ಮೈನೆರೆಯುವುದಕ್ಕಿಂತ ಮೊದಲೇ, ಐದನೆಯ ತರಗತಿಯ ಹೊತ್ತಿಗೆ ಆರಂಭವಾಗಬೇಕು. ಋತುಚಕ್ರ ಸಾಮಾನ್ಯವಾಗಿ 21ರಿಂದ 35 ದಿನಗಳದು, ಮೊದಲ ಒಂದೆರಡು ವರ್ಷ ಏರುಪೇರು ಸಹಜ, ಬಟ್ಟೆಯನ್ನಾಗಲಿ ನ್ಯಾಪಕಿನ್ನನ್ನಾಗಲಿ ನಾಲ್ಕರಿಂದ ಆರು ತಾಸಿಗೊಮ್ಮೆ ಬದಲಿಸಬೇಕು, ಅತಿಯಾದ ಸ್ರಾವ ಅಥವಾ ತಾಳಲಾರದ ನೋವಿದ್ದರೆ ವೈದ್ಯರಿಗೆ ತೋರಿಸಬೇಕು ಎಂಬ ಸಂಗತಿಗಳನ್ನು ನೇರವಾಗಿ ಹೇಳಬೇಕು. ಗಂಡುಮಕ್ಕಳೂ ಇದನ್ನು ಕೇಳಬೇಕು. ಅಪಹಾಸ್ಯ ಹುಟ್ಟುವುದು ಅಜ್ಞಾನದಲ್ಲಿ. ನೀರು ಮತ್ತು ಬಾಗಿಲಿಗೆ ಒಳಚಿಲಕವಿರುವ ಶೌಚಾಲಯವಿಲ್ಲದಿದ್ದರೆ ಈ ಪಾಠ ಬಾಯಿಮಾತಾಗಿಯೇ ಉಳಿಯುತ್ತದೆ.

ಜನಪದರು ಕೊಟ್ಟ 'ಮೈನೆರೆಯುವುದು' ಎಂಬ ಶಬ್ದವನ್ನೂ ಅಂಟಿನ ಉಂಡೆಯ ಆರೈಕೆಯನ್ನೂ ಶಾಲೆ ಸ್ವೀಕರಿಸಲಿ. 'ಕಡೆಗಾಗುವುದು' ಎಂಬುದನ್ನು ಮಾತ್ರ ನಿಘಂಟಿಗೆ ಬಿಟ್ಟುಕೊಡಲಿ.